ಪಿಎಚ್‌ಡಿ ಮುಗಿಯುತ್ತಿದೆ, ಪೋಸ್ಟ್‌ಡಾಕ್ ಹುಡುಕಾಟ ಎಲ್ಲಿಂದ ಶುರು ಮಾಡಬೇಕು?

ಬಾಣೆಮಣ್ಣು, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ನನ್ನದು ಸಿವಿಲ್ ಎಂಜಿನಿಯರಿಂಗ್ ಪಿಎಚ್‌ಡಿ. ವಿಷಯ, ಮಳೆಯಿಂದಾಗುವ ಭೂಕುಸಿತ. ಇಳಿಜಾರಿನ ಮಣ್ಣಿನೊಳಗೆ ನೀರಿನ ಒತ್ತಡ ಹೇಗೆ ಏರುತ್ತದೆ ಅಂತ ಸೆನ್ಸರ್ ಇಟ್ಟು ಅಳೆದು, ಆ ಅಳತೆಯನ್ನು ಮಾಡೆಲ್‌ಗೆ ಹಾಕಿ, ಗುಡ್ಡ ಯಾವ ಹಂತದಲ್ಲಿ ಜಾರುತ್ತದೆ ಎಂದು ಲೆಕ್ಕ ಹಾಕುವ ಕೆಲಸ. ಥೀಸಿಸ್ ಸಲ್ಲಿಸಿ ಆಗಿದೆ, ವೈವಾ (ಮೌಖಿಕ ಪರೀಕ್ಷೆ) ಬಾಕಿ ಇದೆ. ಎರಡು ಜರ್ನಲ್ ಪೇಪರ್ ಪ್ರಕಟವಾಗಿವೆ, ಒಂದು ರಿವ್ಯೂನಲ್ಲಿದೆ. ಮಹಿಳಾ ಅಭ್ಯರ್ಥಿ, ವಯಸ್ಸು 33.

ವೈವಾ ಆಗುವ ತನಕ ಕಾಯಬೇಕೋ, ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಈಗಲೇ ಅರ್ಜಿ ಹಾಕಬಹುದೋ? ಇಲ್ಲೇ ಇರುವುದು ಒಳ್ಳೆಯದೋ, ಹೊರಗೆ ಹೋಗುವುದೋ? ಎಲ್ಲಕ್ಕಿಂತ ಮುಖ್ಯವಾಗಿ, ಇದುವರೆಗೆ ಸುಮಾರು ನಲವತ್ತು ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದ್ದೇನೆ, ಒಬ್ಬರಿಂದಲೂ ಉತ್ತರ ಇಲ್ಲ. ಮೇಲ್‌ನ ಸಾರಾಂಶ ಇಷ್ಟು: "ಮಾನ್ಯರೇ, ನಾನು ಭೂಕುಸಿತದ ಬಗ್ಗೆ ಪಿಎಚ್‌ಡಿ ಮಾಡಿದ್ದೇನೆ. ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಪೋಸ್ಟ್‌ಡಾಕ್ ಅವಕಾಶವಿದ್ದರೆ ದಯವಿಟ್ಟು ಪರಿಗಣಿಸಿ. ಸಿವಿ ಲಗತ್ತಿಸಿದ್ದೇನೆ." ಇದರಲ್ಲಿ ತಪ್ಪೇನಿದೆ?

ಹಾರಂಗಿ, ಕುಶಾಲನಗರ

ಮೊದಲ ಪ್ರಶ್ನೆಗೆ ಉತ್ತರ: ಕಾಯಬೇಡಿ. ಪೋಸ್ಟ್‌ಡಾಕ್ ಹುಡುಕಾಟಕ್ಕೆ ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ವೈವಾ ಮುಗಿಸಿ ಶುರು ಮಾಡಿದರೆ ಅಷ್ಟೂ ದಿನ ಸಂಬಳವಿಲ್ಲದೆ ಕೂರಬೇಕಾಗುತ್ತದೆ.

ಪೋಸ್ಟ್‌ಡಾಕ್‌ಗೆ ದುಡ್ಡು ಎರಡು ಕಡೆಯಿಂದ ಬರುತ್ತದೆ. ಒಂದು, ಪ್ರೊಫೆಸರ್‌ಗೆ ಈಗಾಗಲೇ ಮಂಜೂರಾದ ಪ್ರಾಜೆಕ್ಟ್. ಅವರಿಗೆ ಕೆಲಸಕ್ಕೆ ಜನ ಬೇಕು, ಜಾಹೀರಾತು ಕೊಡುತ್ತಾರೆ, ಕೆಲಸ ಏನೆಂದು ಅವರೇ ನಿರ್ಧರಿಸಿರುತ್ತಾರೆ. ಇನ್ನೊಂದು, ನಿಮ್ಮ ಹೆಸರಿಗೇ ಬರುವ ಫೆಲೋಶಿಪ್. ಯೋಜನೆ ನಿಮ್ಮದು, ದುಡ್ಡು ನಿಮ್ಮ ಹಿಂದೆ ಬರುತ್ತದೆ, ಪ್ರೊಫೆಸರ್ ಜಾಗ ಮತ್ತು ಲ್ಯಾಬ್ ಕೊಟ್ಟರೆ ಸಾಕು. ಮೇಲ್ ಬರೆಯುವ ಮೊದಲು ಇವೆರಡರಲ್ಲಿ ಯಾವುದನ್ನು ಕೇಳುತ್ತಿದ್ದೀರಿ ಅಂತ ನಿಮಗೇ ಸ್ಪಷ್ಟ ಇರಬೇಕು. "ಅವಕಾಶವಿದ್ದರೆ" ಅಂತ ಬರೆದರೆ ಅವರು ತಮ್ಮ ಕೈಯಲ್ಲಿ ಈ ಹೊತ್ತು ಖಾಲಿ ಹುದ್ದೆ ಇದೆಯೇ ಎಂದಷ್ಟೇ ನೋಡುತ್ತಾರೆ. ಹೆಚ್ಚಿನ ಸಲ ಇರುವುದಿಲ್ಲ, ಮೇಲ್ ಅಲ್ಲಿಗೇ ಮುಗಿಯಿತು. "ಇಂಥ ಫೆಲೋಶಿಪ್‌ಗೆ ಈ ಯೋಜನೆ ಇಟ್ಟು ಅರ್ಜಿ ಹಾಕಬೇಕೆಂದಿದ್ದೇನೆ, ನೀವು ಹೋಸ್ಟ್ ಆಗುತ್ತೀರಾ?" ಎಂದು ಕೇಳಿದರೆ ಅವರ ಖರ್ಚಿಲ್ಲದೆ ಒಬ್ಬರು ಸಿಗುತ್ತಾರೆ. ಯೋಚಿಸಿ ಉತ್ತರ ಕೊಡುತ್ತಾರೆ.

ಮೇಲ್‌ನ ದೊಡ್ಡ ತಪ್ಪೆಂದರೆ ಅದನ್ನು ಯಾರಿಗೆ ಬೇಕಾದರೂ ಕಳಿಸಬಹುದು. ಆ ಪ್ರೊಫೆಸರ್ ಹೆಸರು, ಅವರ ಕೆಲಸ, ನಿಮ್ಮ ಕೆಲಸ ಎಲ್ಲಿ ಕೂಡುತ್ತದೆ ಎನ್ನುವುದು ಒಂದೂ ಇಲ್ಲ. ನಲವತ್ತು ಜನರ ಪಟ್ಟಿ ಬಿಡಿ, ಎಂಟು ಜನರನ್ನು ಆರಿಸಿ. ಒಬ್ಬೊಬ್ಬರ ಕಳೆದ ಮೂರು ವರ್ಷದ ಎರಡು ಪೇಪರ್ ಪೂರ್ತಿ ಓದಿ. ಕೊನೆಯಲ್ಲಿ ಅವರೇ ತಮ್ಮ ಮಾಡೆಲ್‌ನ ಮಿತಿಗಳನ್ನು ಬರೆದಿರುತ್ತಾರಲ್ಲ, ಆ ಪ್ಯಾರಾ ನಿಮ್ಮ ಬಾಗಿಲು. ನಿಮ್ಮ ವಿಷಯಕ್ಕಾದರೆ ಮೇಲ್‌ನ ಮೊದಲ ಪ್ಯಾರಾ ಹೀಗಿರಬಹುದು:

"ನಿಮ್ಮ ಗುಂಪಿನ ಇಳಿಜಾರು ಮಾಡೆಲ್ ಮಣ್ಣು ಪೂರ್ತಿ ನೆನೆದಿದೆ ಎಂಬಲ್ಲಿಂದ ಲೆಕ್ಕ ಶುರು ಮಾಡುತ್ತದೆ. ಕೊಡಗಿನ ಲ್ಯಾಟರೈಟ್ ಇಳಿಜಾರಿನಲ್ಲಿ ಅರ್ಧ, ಒಂದು ಮತ್ತು ಎರಡು ಮೀಟರ್ ಆಳದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ದಾಖಲಾದ ಅಳತೆ ನನ್ನಲ್ಲಿದೆ. ಮಣ್ಣು ಪೂರ್ತಿ ನೆನೆಯುವ ಮೊದಲೇ ಸಕ್ಷನ್ ಕುಸಿಯುವುದು ಅದರಲ್ಲಿ ಕಾಣುತ್ತದೆ. ಆ ಹಂತವನ್ನು ನಿಮ್ಮ ಮಾಡೆಲ್‌ಗೆ ಸೇರಿಸುವ ಎರಡು ವರ್ಷದ ಯೋಜನೆ ನನ್ನ ಮನಸ್ಸಿನಲ್ಲಿದೆ."

(ಓದುವ ಬೇರೆಯವರಿಗೆ: ಸಕ್ಷನ್ ಅಂದರೆ ಒಣ ಮಣ್ಣು ನೀರನ್ನು ಹಿಡಿದೆಳೆಯುವ ಬಲ.) ಅಂಕಿಗಳನ್ನು ನಿಮ್ಮ ಕೆಲಸಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಎರಡನೇ ಪ್ಯಾರಾದಲ್ಲಿ ನಿಮ್ಮ ಅತ್ಯುತ್ತಮ ಪೇಪರ್ ಒಂದರ ಲಿಂಕ್, ಬಳಸಿ ಗೊತ್ತಿರುವ ಉಪಕರಣ ಮತ್ತು ಸಾಫ್ಟ್‌ವೇರ್, ವೈವಾ ಯಾವ ತಿಂಗಳು ಎನ್ನುವುದು. ಮೂರನೆಯದರಲ್ಲಿ ಯಾವ ಫೆಲೋಶಿಪ್, ಅದರ ಗಡುವು ಯಾವತ್ತು, ಅರ್ಧ ಗಂಟೆ ಮಾತಾಡಲು ಸಾಧ್ಯವೇ. ಇಷ್ಟೇ, ಇನ್ನೂರು ಪದ ದಾಟಬಾರದು. ಸಿವಿ ಎರಡು ಪುಟ, ಪಿಡಿಎಫ್. "ಪ್ರತಿಷ್ಠಿತ ಸಂಸ್ಥೆ" ಮಾತು ತೆಗೆದುಹಾಕಿ. ಹೆಸರಿನ ಜೊತೆ ಡಾ. ಅಥವಾ ಪ್ರೊ. ಹಾಕಿ. ಬರೇ "ಸರ್" ಅಂತ ಬರೆದರೆ ಆ ಕಡೆ ಇರುವವರು ಮಹಿಳೆ ಆಗಿದ್ದಾಗ ಮೊದಲ ಸಾಲಿನಲ್ಲೇ ಕೆಡುತ್ತದೆ. ಹತ್ತು ದಿನ ಬಿಟ್ಟು ಅದೇ ಮೇಲ್‌ಗೆ ಒಂದು ನೆನಪೋಲೆ ಹಾಕಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಮುಂದಿನ ಹೆಸರಿಗೆ ಹೋಗಿ.

ಇನ್ನೊಂದು ಎಚ್ಚರಿಕೆ. ಆ ಅಳತೆಗಳು ನಿಮ್ಮ ಗೈಡ್‌ನ ಪ್ರಾಜೆಕ್ಟ್ ದುಡ್ಡಿನಲ್ಲಿ ಆದದ್ದಾದರೆ, ಬೇರೆ ಲ್ಯಾಬ್‌ಗೆ ಒಯ್ಯಲು ಅನುಮತಿ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಯೋಜನೆ ಇಡೀ ಆ ದತ್ತಾಂಶದ ಮೇಲೆ ನಿಂತು, ಕೊನೆಗೆ ಅದೇ ಸಿಗದೆ ಹೋದರೆ ಎಲ್ಲವೂ ಬೀಳುತ್ತದೆ.

ಬ್ರಹ್ಮಗಿರಿ ತಪ್ಪಲು, ಪೊನ್ನಂಪೇಟೆ

ಹಾರಂಗಿಯವರು ಹೇಳಿದ್ದು ಸರಿ. ಭಾರತದೊಳಗಿನ ದಾರಿಗಳನ್ನು ನಾನು ಬರೆಯುತ್ತೇನೆ.

ಮೊದಲು ನೋಡಬೇಕಾದ್ದು ಎನ್‌ಪಿಡಿಎಫ್, ಅಂದರೆ ನ್ಯಾಷನಲ್ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್. ಹಿಂದೆ ಕೇಂದ್ರದ ಸರ್ಬ್ ಮಂಡಳಿ ನಡೆಸುತ್ತಿತ್ತು, ಈಗ ಎಎನ್‌ಆರ್‌ಎಫ್ ಅಂದರೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕೈಯಲ್ಲಿದೆ. ಅವಧಿ ಎರಡು ವರ್ಷ. ಸರ್ಬ್ ಕಾಲದ ನಿಯಮದಲ್ಲಿ ತಿಂಗಳಿಗೆ 55,000 ರೂಪಾಯಿ, ಎಚ್‌ಆರ್‌ಎ, ಜೊತೆಗೆ ವರ್ಷಕ್ಕೆ 2 ಲಕ್ಷ ಸಂಶೋಧನಾ ಅನುದಾನ. ಥೀಸಿಸ್ ಸಲ್ಲಿಸಿ ಪದವಿಗೆ ಕಾಯುತ್ತಿರುವವರೂ ಅರ್ಜಿ ಹಾಕಬಹುದಿತ್ತು, ಪದವಿ ಸಿಗುವ ತನಕ ಫೆಲೋಶಿಪ್ ಮೊತ್ತ ಕಡಿಮೆ. ವಯೋಮಿತಿ 35, ಮಹಿಳೆಯರಿಗೆ 5 ವರ್ಷ ಸಡಿಲಿಕೆ. ನಿಮಗೆ ವಯಸ್ಸಿನ ತೊಡಕಿಲ್ಲ. ಪ್ರತಿ ಸಲದ ಪ್ರಕಟಣೆಯಲ್ಲಿ ಮೊತ್ತ, ವಯಸ್ಸು ಎರಡನ್ನೂ ಹೊಸದಾಗಿ ಓದಿಕೊಳ್ಳಿ, ಹಳೆಯ ಪಿಡಿಎಫ್ ನಂಬಬೇಡಿ. ಡಿಎಸ್‌ಟಿಯ (ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ವೈಸ್-ಪಿಡಿಎಫ್ ಫೆಲೋಶಿಪ್ ಮಹಿಳೆಯರಿಗೆಂದೇ ಇರುವುದು, ಅದನ್ನೂ ಪಟ್ಟಿಗೆ ಸೇರಿಸಿ.

ಎನ್‌ಪಿಡಿಎಫ್ ಅರ್ಜಿ ಬೀಳುವ ಸಾಮಾನ್ಯ ಕಾರಣ, ಪಿಎಚ್‌ಡಿಯ ನಾಲ್ಕನೇ ಅಧ್ಯಾಯವನ್ನೇ ಇನ್ನಷ್ಟು ಎಳೆದು ಯೋಜನೆ ಎಂದು ಕೊಡುವುದು. ಅದನ್ನು ಓದುವವರಿಗೆ ನೀವು ಹೊಸ ಜಾಗಕ್ಕೆ ಹೋಗಿ ಏನು ಕಲಿಯುತ್ತೀರಿ, ಆ ಮೆಂಟರ್ ಇಲ್ಲದಿದ್ದರೆ ಯಾವ ಭಾಗ ಆಗುವುದಿಲ್ಲ ಎನ್ನುವುದು ಕಾಣಬೇಕು. ಸೆನ್ಸರ್ ಕೆಲಸ ಮಾಡಿದವರು ಉಪಗ್ರಹದ ರೇಡಾರ್ ಚಿತ್ರಗಳಿಂದ ನೆಲದ ಚಲನೆ ಅಳೆಯುವ ಗುಂಪಿಗೆ ಹೋಗುವುದು ಒಳ್ಳೆಯ ಜೋಡಿ. ಅದೇ ಸೆನ್ಸರ್, ಅದೇ ಮಾಡೆಲ್, ಬೇರೆ ಗುಡ್ಡ ಅಂದರೆ ದುರ್ಬಲ.

ಎರಡನೆಯದು ಪ್ರಾಜೆಕ್ಟ್‌ನ ಆರ್‌ಎ (ರಿಸರ್ಚ್ ಅಸೋಸಿಯೇಟ್) ಹುದ್ದೆ. ಡಿಎಸ್‌ಟಿ ದರ 2023ರ ಜನವರಿ 1ರಿಂದ ಆರ್‌ಎ-1ಕ್ಕೆ 58,000, ಆರ್‌ಎ-2ಕ್ಕೆ 61,000, ಆರ್‌ಎ-3ಕ್ಕೆ 67,000, ಎಚ್‌ಆರ್‌ಎ ಬೇರೆ. ಜಾಹೀರಾತು ಸಂಸ್ಥೆಯ ವೆಬ್‌ಸೈಟಿನ ಮೂಲೆಯಲ್ಲಿ ಬಂದು ಎರಡು ಮೂರು ವಾರದಲ್ಲಿ ಮುಗಿದುಹೋಗುತ್ತದೆ. ನಿಮ್ಮ ವಿಷಯಕ್ಕೆ ಸುರತ್ಕಲ್ ಎನ್‌ಐಟಿಕೆ, ಐಐಎಸ್‌ಸಿ, ರೂರ್ಕಿಯ ಐಐಟಿ ಮತ್ತು ಸಿಬಿಆರ್‌ಐ, ಐಐಟಿ ಮಂಡಿ, ಡೆಹ್ರಾಡೂನಿನ ವಾಡಿಯಾ ಸಂಸ್ಥೆ, ತಿರುವನಂತಪುರದ ಎನ್‌ಸಿಇಎಸ್‌ಎಸ್, ಮುನ್ನಾರಿನಲ್ಲಿ ಭೂಕುಸಿತ ಮುನ್ಸೂಚನಾ ವ್ಯವಸ್ಥೆ ಇಟ್ಟಿರುವ ಅಮೃತ ವಿಶ್ವವಿದ್ಯಾಪೀಠ, ಇಷ್ಟರ ಪುಟಗಳನ್ನು ಪ್ರತಿ ಸೋಮವಾರ ನೋಡಿದರೆ ಸಾಕು. ಹೆಚ್ಚಿನ ಐಐಟಿಗಳಲ್ಲಿ ಸಂಸ್ಥೆಯದೇ ಪೋಸ್ಟ್‌ಡಾಕ್ ಇದೆ, ಐಐಎಸ್‌ಸಿಯಲ್ಲಿ ಸಿ.ವಿ. ರಾಮನ್ ಹೆಸರಿನ ಫೆಲೋಶಿಪ್ ಇದೆ. ಅಲ್ಲಿಯೂ ಒಳಗಿನ ಪ್ರೊಫೆಸರ್ ಒಬ್ಬರ ಒಪ್ಪಿಗೆ ಮೊದಲು ಇದ್ದರೆ ಅರ್ಜಿಗೆ ಬಲ.

ಆರ್‌ಎ ಸೇರುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಪ್ರಾಜೆಕ್ಟ್ ಇನ್ನೆಷ್ಟು ತಿಂಗಳಿದೆ, ಸಂಬಳದ ಬಾಬ್ತಿನಲ್ಲಿ ದುಡ್ಡು ಈಗ ಬಂದಿದೆಯೇ? ಜಾಹೀರಾತಿನಲ್ಲಿ ಮೂರು ವರ್ಷ ಎಂದಿದ್ದರೂ ಪ್ರಾಜೆಕ್ಟ್‌ನ ಎರಡು ವರ್ಷ ಮುಗಿದಿರಬಹುದು. ಕಂತು ತಡವಾಗಿ ಬರುವುದಂತೂ ಎಲ್ಲ ಕಡೆ ಇದೆ. ಮಾರ್ಚ್ ಮುಗಿದು ಹೊಸ ಆರ್ಥಿಕ ವರ್ಷದ ಹಣ ಬರುವ ತನಕ ಸಂಬಳ ನಿಂತು, ಆಮೇಲೆ ಬಾಕಿ ಒಟ್ಟಿಗೆ ಬರುತ್ತದೆ. ನಾಲ್ಕು ತಿಂಗಳ ಮನೆ ಬಾಡಿಗೆ ಮತ್ತು ಊಟದ ಖರ್ಚು ಕೈಯಲ್ಲಿಟ್ಟುಕೊಂಡೇ ಹೋಗಿ.

ಏಲಕ್ಕಿಗಂಧ, ಸೋಮವಾರಪೇಟೆ

ಹೊರದೇಶದ ಭಾಗ ನಾನು ಸೇರಿಸುತ್ತೇನೆ. ಇಲ್ಲಿ ಎಲ್ಲರೂ ಎಡವುವುದು ಪಿಎಚ್‌ಡಿ ದಿನಾಂಕದಲ್ಲಿ, ಅದರಿಂದಲೇ ಶುರು ಮಾಡುತ್ತೇನೆ.

ನಮ್ಮಲ್ಲಿ ಮೂರು ದಿನಾಂಕಗಳಿವೆ: ವೈವಾ ನಡೆದ ದಿನ, ವಿಶ್ವವಿದ್ಯಾಲಯ ಅಧಿಸೂಚನೆ ಹೊರಡಿಸಿದ ದಿನ, ಘಟಿಕೋತ್ಸವದ ದಿನ. ಒಂದರಿಂದ ಇನ್ನೊಂದಕ್ಕೆ ತಿಂಗಳುಗಟ್ಟಲೆ ಅಂತರ ಇರಬಹುದು. ಫೆಲೋಶಿಪ್‌ಗಳ ಅರ್ಹತೆ "ಪಿಎಚ್‌ಡಿ ಆಗಿ ಇಷ್ಟು ವರ್ಷ" ಎಂಬ ಲೆಕ್ಕದ ಮೇಲೆ ನಿಂತಿದೆ. ಜರ್ಮನಿಯ ಹಂಬೋಲ್ಟ್ ಪೋಸ್ಟ್‌ಡಾಕ್‌ಗೆ ನಾಲ್ಕು ವರ್ಷದೊಳಗೆ, ಜಪಾನಿನ ಜೆಎಸ್‌ಪಿಎಸ್ ಫೆಲೋಶಿಪ್‌ಗೆ ಆರು ವರ್ಷದೊಳಗೆ, ಯುರೋಪಿನ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ಗೆ ಪಿಎಚ್‌ಡಿ ನಂತರ ಎಂಟು ವರ್ಷದ ಸಂಶೋಧನಾ ಅನುಭವ ಮೀರಿರಬಾರದು. ಸಿವಿಯಲ್ಲಿ ವೈವಾ ದಿನ ಬರೆದು, ಸರ್ಟಿಫಿಕೇಟಿನಲ್ಲಿ ಘಟಿಕೋತ್ಸವದ ದಿನ ಇದ್ದರೆ ಪ್ರಶ್ನೆ ಏಳುತ್ತದೆ. ವೈವಾ ಮುಗಿದ ಕೂಡಲೇ ಅಧಿಸೂಚನೆಯ ಪ್ರತಿ ಮತ್ತು ಪ್ರಾವಿಷನಲ್ ಸರ್ಟಿಫಿಕೇಟಿಗೆ ಅರ್ಜಿ ಕೊಡಿ, ಎಲ್ಲ ಅರ್ಜಿಯಲ್ಲೂ ಒಂದೇ ದಿನಾಂಕ ಬರೆಯಿರಿ.

ಮೇರಿ ಕ್ಯೂರಿ ಗಡುವು ಪ್ರತಿ ವರ್ಷ ಸೆಪ್ಟೆಂಬರ್ ಎರಡನೇ ವಾರದ ಆಸುಪಾಸು, 2025ರಲ್ಲಿ 10ನೇ ತಾರೀಕು ಇತ್ತು. ನಮ್ಮ ಲೆಕ್ಕದಲ್ಲಿ ಕೊಡಗಿನ ಕೈಲ್‌ಪೊಳ್ದ್ ಹಬ್ಬ ಮುಗಿದು ಒಂದು ವಾರ. ಆ ದಿನಕ್ಕೆ ಪಿಎಚ್‌ಡಿ ಆಗಿರಬೇಕು. ವೈವಾ ಗೆದ್ದು ಪದವಿ ಪತ್ರ ಕೈಗೆ ಬಾರದಿದ್ದರೂ ಪುರಾವೆ ಇದ್ದರೆ ನಡೆಯುತ್ತದೆ, ಆದ್ದರಿಂದ ವೈವಾ ಆಗಸ್ಟ್ ದಾಟದಂತೆ ಗೈಡ್ ಜೊತೆ ಮಾತಾಡಿ. ಹಿಂದಿನ 36 ತಿಂಗಳಲ್ಲಿ ಹೋಸ್ಟ್ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಯೋಜನೆಯ ಮುಖ್ಯ ಭಾಗ ಹತ್ತು ಪುಟ. ಅಂಕ ಹಂಚಿಕೆ ಹೀಗೆ: ವಿಜ್ಞಾನದ ಗುಣಮಟ್ಟಕ್ಕೆ ನೂರರಲ್ಲಿ 50, ಪರಿಣಾಮಕ್ಕೆ 30, ಅನುಷ್ಠಾನಕ್ಕೆ 20. ನಮ್ಮವರು ಮೊದಲನೆಯದಕ್ಕೆ ಎಂಟು ಪುಟ ಸುರಿದು ಉಳಿದ ಐವತ್ತನ್ನು ಎರಡು ಪುಟಕ್ಕೆ ಒತ್ತುತ್ತಾರೆ, ಅಲ್ಲೇ ಸೋಲುತ್ತಾರೆ. ಯಾವ ತಿಂಗಳು ಏನು, ಸೆನ್ಸರ್ ಕೆಟ್ಟರೆ ಬದಲಿ ಏನು, ಮಳೆಯೇ ಕಡಿಮೆ ಬಂದ ವರ್ಷ ಏನು ಮಾಡುತ್ತೀರಿ, ಇದೆಲ್ಲ ಬರೆಯಬೇಕು. ಅಂಕ ತೀರಾ ಕಡಿಮೆ ಬಂದರೆ ಮರುವರ್ಷ ಅದೇ ಸಂಸ್ಥೆಯ ಜೊತೆ ಮತ್ತೆ ಹಾಕುವಂತಿಲ್ಲ, ಹಾಗಾಗಿ ಅರೆಬೆಂದ ಅರ್ಜಿ ಕಳಿಸಬೇಡಿ. ಹೋಸ್ಟ್ ಜೊತೆ ಮಾತು ಏಪ್ರಿಲ್ ಒಳಗೆ ಆಗಿರಬೇಕು.

ಜೆಎಸ್‌ಪಿಎಸ್ ಸ್ಟ್ಯಾಂಡರ್ಡ್ ಫೆಲೋಶಿಪ್ 12ರಿಂದ 24 ತಿಂಗಳು, ತಿಂಗಳಿಗೆ 3,62,000 ಯೆನ್. ಅದಕ್ಕೆ ಅರ್ಜಿ ಹಾಕುವವರು ನೀವಲ್ಲ, ಜಪಾನಿನ ಹೋಸ್ಟ್. ಅವರ ಸಂಸ್ಥೆಯೊಳಗಿನ ಗಡುವು ಅಧಿಕೃತ ಗಡುವಿಗಿಂತ ಮೊದಲೇ ಇರುತ್ತದೆ, ಕೇಳಿ ತಿಳಿದುಕೊಳ್ಳಿ.

ನಿಮ್ಮ ವಿಷಯದ ಜಾಗಗಳು: ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಐಟಿಸಿ, ಓಸ್ಲೋದ ಎನ್‌ಜಿಐ, ಇಟಲಿಯ ಸಿಎನ್‌ಆರ್-ಐಆರ್‌ಪಿಐ, ಪಾಟ್ಸ್‌ಡ್ಯಾಮ್‌ನ ಜಿಎಫ್‌ಝಡ್, ಸ್ವಿಟ್ಜರ್‌ಲ್ಯಾಂಡ್‌ನ ಡಬ್ಲ್ಯುಎಸ್‌ಎಲ್, ಕ್ಯೋಟೋ ವಿಶ್ವವಿದ್ಯಾಲಯದ ವಿಪತ್ತು ತಡೆ ಸಂಶೋಧನಾ ಸಂಸ್ಥೆ. ಜಾಹೀರಾತಿಗೆ ಯುರೋಪಿನ ಯುರಾಕ್ಸೆಸ್ ಜಾಲತಾಣ, ಬ್ರಿಟನ್ನಿಗೆ ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ. ವಿಯೆನ್ನಾದಲ್ಲಿ ಪ್ರತಿ ವಸಂತದಲ್ಲಿ ನಡೆಯುವ ಇಜಿಯು (ಯುರೋಪಿನ ಭೂವಿಜ್ಞಾನ ಸಂಘ) ಸಮ್ಮೇಳನದ ಉದ್ಯೋಗ ಪುಟವನ್ನೂ ನೋಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಆದದ್ದು, 2020ರಲ್ಲಿ ತಲಕಾವೇರಿಯಲ್ಲಿ ಆದದ್ದು ಈ ಕ್ಷೇತ್ರದವರಿಗೆ ಬೇಗ ಅರ್ಥವಾಗುತ್ತದೆ. ಉಷ್ಣವಲಯದ ಆಳವಾಗಿ ಶಿಥಿಲಗೊಂಡ ಮಣ್ಣಿನ ನೇರ ಅಳತೆ ಅವರಿಗೆ ಸುಲಭಕ್ಕೆ ಸಿಗುವುದಿಲ್ಲ. ಸಂಕೋಚವಿಲ್ಲದೆ ಅದನ್ನು ಮುಂದಿಡಿ.

ಬಾಣೆಮಣ್ಣು, ಮಡಿಕೇರಿ

ಮೂವರಿಗೂ ತುಂಬಾ ಧನ್ಯವಾದ. ಹೊಸ ಮೇಲ್ ಎಂಟು ಜನರಿಗೆ ಕಳಿಸಿದೆ. ಇಬ್ಬರು ಉತ್ತರಿಸಿದ್ದಾರೆ, ಒಬ್ಬರು ಜರ್ಮನಿಯವರು ಮುಂದಿನ ವಾರ ಆನ್‌ಲೈನ್‌ನಲ್ಲಿ ಇಪ್ಪತ್ತು ನಿಮಿಷ ಮಾತಾಡಿ ಎಂದಿದ್ದಾರೆ. ಏನು ಕೇಳುತ್ತಾರೆ? ನನ್ನ ಕೆಲಸದ ಬಗ್ಗೆ ಪತ್ರ ಕೊಡುವ ಮೂರು ರೆಫರಿ ಹೆಸರೂ ಬೇಕಂತೆ. ಗೈಡ್ ಬಿಟ್ಟರೆ ಯಾರನ್ನು ಹಾಕಲಿ?

ಹಾರಂಗಿ, ಕುಶಾಲನಗರ

ರೆಫರಿ: ಒಬ್ಬರು ಗೈಡ್. ಎರಡನೆಯವರು ನಿಮ್ಮ ಪೇಪರಿನ ಬೇರೆ ಸಂಸ್ಥೆಯ ಸಹಲೇಖಕರು, ಅಥವಾ ಪ್ರತಿ ವರ್ಷ ನಿಮ್ಮ ಕೆಲಸ ನೋಡಿದ ಡಾಕ್ಟೋರಲ್ ಸಮಿತಿಯವರು. ಮೂರನೆಯವರು ವೈವಾ ಪರೀಕ್ಷಕರು ಆಗಬಹುದು, ಆದರೆ ವೈವಾ ಮುಗಿದ ಮೇಲೆ. ವಿಭಾಗದ ಮುಖ್ಯಸ್ಥರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹಾಕಬೇಡಿ, ಕೆಲಸ ಗೊತ್ತಿಲ್ಲದವರ ಪತ್ರ ಎರಡು ಸಾಲು ಓದಿದಾಗಲೇ ತಿಳಿಯುತ್ತದೆ. ಸಂಸ್ಥೆಯ ಇಮೇಲ್ ವಿಳಾಸವೇ ಕೊಡಿ. ಹಲವು ಪೋರ್ಟಲ್‌ಗಳು ನೀವು ಅರ್ಜಿ ಒತ್ತಿದ ಕೂಡಲೇ ರೆಫರಿಗೆ ತಾವಾಗಿಯೇ ಲಿಂಕ್ ಕಳಿಸುತ್ತವೆ, ಅದು ಸ್ಪ್ಯಾಮ್‌ಗೆ ಬೀಳುವುದೂ ಉಂಟು. ಗಡುವಿಗೆ ಮೂರು ವಾರ ಮೊದಲೇ ಅವರಿಗೆ ಹೇಳಿ, ಸಿವಿ ಮತ್ತು ಯೋಜನೆಯ ಒಂದು ಪುಟ ಕೊಟ್ಟಿರಿ.

ಮಾತುಕತೆಗೆ ಹನ್ನೆರಡು ಸ್ಲೈಡ್ ಮೀರಬೇಡಿ. ಸಮಸ್ಯೆಗೆ ಎರಡು, ವಿಧಾನಕ್ಕೆ ಮೂರು, ಫಲಿತಾಂಶಕ್ಕೆ ನಾಲ್ಕು, ಮುಂದಿನ ಯೋಜನೆಗೆ ಮೂರು. ಪ್ರಶ್ನೆಗಳು ಅಳತೆಯ ದೌರ್ಬಲ್ಯದ ಮೇಲೆ ಬರುತ್ತವೆ. ಉದಾಹರಣೆಗೆ ಸಾಮಾನ್ಯ ಟೆನ್ಸಿಯೋಮೀಟರ್ (ಮಣ್ಣಿನ ಸಕ್ಷನ್ ಅಳೆಯುವ ಸಾಧನ) ಸುಮಾರು 85 ಕಿಲೋಪ್ಯಾಸ್ಕಲ್ ದಾಟಿದರೆ ಒಳಗಿನ ನೀರಿನಲ್ಲಿ ಗುಳ್ಳೆ ಬಂದು ಓದುವುದು ನಿಲ್ಲಿಸುತ್ತದೆ. ಜನವರಿಯಿಂದ ಏಪ್ರಿಲ್ ತನಕ ಒಣಗಿದ ಮಣ್ಣಿನ ಅಂಕಿಗಳನ್ನು ಏನು ಮಾಡಿದಿರಿ, ಮಳೆ ಶುರುವಾಗುವ ಮೊದಲು ಮತ್ತೆ ನೀರು ತುಂಬಿದಿರಾ, ಎಂದು ಕೇಳಿದರೆ ನೇರ ಉತ್ತರ ಇರಬೇಕು. ಅಳತೆ ಇಲ್ಲದ ದಿನಗಳಿದ್ದರೆ ಸ್ಲೈಡಿನಲ್ಲೇ ಖಾಲಿ ಬಿಟ್ಟು ತೋರಿಸಿ. ಗೆರೆ ಎಳೆದು ಸೇರಿಸಿದ್ದು ಕಂಡರೆ ನಂಬಿಕೆ ಹೋಗುತ್ತದೆ.

ನೀವೂ ಕೇಳಬೇಕಾದ್ದಿದೆ: ಹಿಂದಿನ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ, ಒಪ್ಪಂದ ಎಷ್ಟು ತಿಂಗಳು, ಮುಂದುವರಿಸುವುದು ಯಾವುದರ ಮೇಲೆ ನಿಂತಿದೆ. ಹಿಂದೆ ಅಲ್ಲಿದ್ದ ಒಬ್ಬರಿಗಾದರೂ ಬೇರೆಯಾಗಿ ಮೇಲ್ ಹಾಕಿ ವಿಚಾರಿಸಿ.

ಸಮಯ ಸರಿಯಾಗಿ ನೋಡಿಕೊಳ್ಳಿ. ಜರ್ಮನಿಯ ಬೆಳಿಗ್ಗೆ 10 ಅಂದರೆ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಮಳೆಗಾಲವಾದರೆ ಮನೆಯ ಬ್ರಾಡ್‌ಬ್ಯಾಂಡ್ ನಂಬಿ ಕೂರಬೇಡಿ. ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟು, ಟವರ್ ಎರಡೂ ಹೋಗುತ್ತವೆ. ಹಿಂದಿನ ದಿನವೇ ಕುಶಾಲನಗರಕ್ಕೋ ಮೈಸೂರಿಗೋ ಇಳಿದು ಪರಿಚಯದವರ ಮನೆಯಲ್ಲಿ ಕೂತು ಮಾತಾಡುವುದು ಕ್ಷೇಮ. ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ ಹಾಟ್‌ಸ್ಪಾಟ್‌ಗೆ ಇಟ್ಟುಕೊಳ್ಳಿ, ಸ್ಲೈಡುಗಳನ್ನು ಒಂದು ಗಂಟೆ ಮೊದಲೇ ಅವರಿಗೆ ಮೇಲ್ ಮಾಡಿ.

ಕಾಡುಮಲ್ಲಿಗೆ, ಗೋಣಿಕೊಪ್ಪ

ನಡುವೆ ಒಂದು ಪ್ರಶ್ನೆ. ಅರಣ್ಯ ಮತ್ತು ಸಸ್ಯವಿಜ್ಞಾನದ ಕಡೆಯವರಿಗೂ ಇದೇ ದಾರಿಯೇ?

ಬ್ರಹ್ಮಗಿರಿ ತಪ್ಪಲು, ಪೊನ್ನಂಪೇಟೆ

ಮೇಲ್ ಬರೆಯುವ ಕ್ರಮ ಅದೇ, ನೋಡುವ ಜಾಗ ಬೇರೆ. ಇಂಡಿಯಾ ಬಯೋಸೈನ್ಸ್‌ನ ಉದ್ಯೋಗ ಪುಟ ಮೊದಲು ನೋಡಿ. ಜೈವಿಕ ತಂತ್ರಜ್ಞಾನ ಇಲಾಖೆಯ ಡಿಬಿಟಿ-ಆರ್‌ಎ ಯೋಜನೆಯ ಸಂಯೋಜನೆ ಐಐಎಸ್‌ಸಿಯಲ್ಲಿದೆ. ಎನ್‌ಸಿಬಿಎಸ್, ಏಟ್ರೀ, ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರ ಮೂರೂ ಬೆಂಗಳೂರಲ್ಲೇ ಇವೆ. ಚೆಟ್ಟಳ್ಳಿಯ ಕಾಫಿ ಮತ್ತು ತೋಟಗಾರಿಕೆ ಕೇಂದ್ರಗಳು, ಅಪ್ಪಂಗಳದ ಸಂಬಾರ ಬೆಳೆ ಕೇಂದ್ರ ಮನೆಗೆ ಹತ್ತಿರ ನಿಜ, ಆದರೆ ಅಲ್ಲಿ ಸಾಮಾನ್ಯವಾಗಿ ಬರುವುದು ಪ್ರಾಜೆಕ್ಟ್ ಗುತ್ತಿಗೆ ಹುದ್ದೆಗಳು. ಅವಧಿ ಕೇಳಿಕೊಂಡು ಸೇರಿ.

ಏಲಕ್ಕಿಗಂಧ, ಸೋಮವಾರಪೇಟೆ

ಬಾಣೆಮಣ್ಣು ಅವರೇ, ಆಫರ್ ಬಂದ ಮೇಲೆ ಕಾಗದಪತ್ರಕ್ಕೆ ಓಡಾಡಲು ಹೋಗಬೇಡಿ, ಈಗಲೇ ಶುರು ಮಾಡಿ. ಪದವಿಗೆ ಅಪಾಸ್ಟಿಲ್ (ಹೊರದೇಶದಲ್ಲಿ ಒಪ್ಪುವ ದೃಢೀಕರಣ ಮುದ್ರೆ) ಕೇಳಿದರೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಜರ್ಮನಿಗಾದರೆ ನಿಮ್ಮ ವಿಶ್ವವಿದ್ಯಾಲಯ ಅನಾಬಿನ್ ಪಟ್ಟಿಯಲ್ಲಿ (ಹೊರದೇಶದ ಪದವಿಗಳ ಮಾನ್ಯತೆ ತೋರಿಸುವ ಜರ್ಮನ್ ಪಟ್ಟಿ) ಎಚ್-ಪ್ಲಸ್, ಅಂದರೆ ಮಾನ್ಯ, ಎಂದಿದೆಯೇ ನೋಡಿ ಆ ಪುಟ ಮುದ್ರಿಸಿ ಇಟ್ಟುಕೊಳ್ಳಿ. ಅಲ್ಲಿ ಹುದ್ದೆ ಟಿವಿ-ಎಲ್ 13 ಸಂಬಳ ಶ್ರೇಣಿ ಎಂದಿದ್ದರೆ ಪೂರ್ತಿ ನೂರು ಪ್ರತಿಶತವೋ, ಅರ್ಧವೋ ಕೇಳಿ. ಬ್ರಿಟನ್ನಿಗೆ ಹೋಗುವ ಭಾರತೀಯರಿಗೆ ಎಂಜಿನಿಯರಿಂಗ್‌ನ ಹಲವು ವಿಷಯಗಳಲ್ಲಿ ವೀಸಾಕ್ಕೆ ಮೊದಲು ಎಟಾಸ್ ಪತ್ರ (ಬ್ರಿಟಿಷ್ ಸರ್ಕಾರದ ಭದ್ರತಾ ಅನುಮತಿ) ಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ಅಮೆರಿಕದ ಪೋಸ್ಟ್‌ಡಾಕ್‌ಗಳು ಹೆಚ್ಚಾಗಿ ಜೆ-1 ವೀಸಾದಲ್ಲಿ, ಗರಿಷ್ಠ ಐದು ವರ್ಷ. ಸಂಶೋಧಕರಾಗಿ ಅದು ಮುಗಿದ ಮೇಲೆ ಅದೇ ವರ್ಗದಲ್ಲಿ ಮತ್ತೆ ಹೋಗಲು 24 ತಿಂಗಳು ಕಾಯಬೇಕು. ಆದ್ದರಿಂದ ಆರು ತಿಂಗಳ ಸಣ್ಣ ಕೆಲಸಕ್ಕೆ ಆ ವರ್ಗ ಖರ್ಚು ಮಾಡಬೇಡಿ. ಜೆ-1 ಮುಗಿದ ಮೇಲೆ ಸ್ವದೇಶಕ್ಕೆ ಮರಳಿ ಎರಡು ವರ್ಷ ಇರಬೇಕೆಂಬ ನಿಯಮದ ಬಗ್ಗೆ ಹಳೆಯ ಮಾಹಿತಿ ಇನ್ನೂ ಓಡಾಡುತ್ತಿದೆ. 2024ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿದ ಕೌಶಲ ಪಟ್ಟಿಯಲ್ಲಿ (ಆ ನಿಯಮ ಯಾವ ದೇಶದವರಿಗೆ ತಗಲುತ್ತದೆ ಎನ್ನುವ ಪಟ್ಟಿ) ಭಾರತ ಇಲ್ಲ. ಈಗ ಆ ನಿಯಮ ಮುಖ್ಯವಾಗಿ ಸರ್ಕಾರಿ ದುಡ್ಡಿನಲ್ಲಿ ಹೋದವರಿಗೆ ತಗಲುತ್ತದೆ.

ಇನ್ನು, ಪೋಸ್ಟ್‌ಡಾಕ್ ಕೊಡಿಸುತ್ತೇವೆ, ನೋಂದಣಿ ಶುಲ್ಕ ಕಟ್ಟಿ ಎಂದು ಯಾರಾದರೂ ಬರೆದರೆ ಅಳಿಸಿಬಿಡಿ. ಹುದ್ದೆ ಕೊಡಲು ದುಡ್ಡು ಕೇಳುವ ವಿಶ್ವವಿದ್ಯಾಲಯ ಇಲ್ಲ.

ಬಾಣೆಮಣ್ಣು, ಮಡಿಕೇರಿ

ಟೆನ್ಸಿಯೋಮೀಟರ್ ಪ್ರಶ್ನೆ ಸರಿಯಾಗಿ ನನ್ನ ದತ್ತಾಂಶಕ್ಕೇ ತಾಗುತ್ತದೆ, ಫೆಬ್ರವರಿಯಿಂದ ಮಳೆ ಹಿಡಿಯುವ ತನಕ ಒಂದು ಮೀಟರ್ ಆಳದ ಅಂಕಿಗಳು ಇಲ್ಲ. ಖಾಲಿ ಬಿಟ್ಟೇ ತೋರಿಸುತ್ತೇನೆ. ಎನ್‌ಪಿಡಿಎಫ್ ಮತ್ತು ಮೇರಿ ಕ್ಯೂರಿ ಎರಡಕ್ಕೂ ಒಟ್ಟಿಗೆ ಹಾಕಿದರೆ ತೊಂದರೆ ಇದೆಯೇ?

ಬ್ರಹ್ಮಗಿರಿ ತಪ್ಪಲು, ಪೊನ್ನಂಪೇಟೆ

ಅರ್ಜಿ ಎರಡಕ್ಕೂ ಹಾಕಬಹುದು, ಎರಡೂ ಹೋಸ್ಟ್‌ಗಳಿಗೆ ವಿಷಯ ಮೊದಲೇ ತಿಳಿಸಿ. ಸೆಪ್ಟೆಂಬರ್‌ನಲ್ಲಿ ಹಾಕಿದ ಮೇರಿ ಕ್ಯೂರಿ ಫಲಿತಾಂಶ ಬರುವುದು ಫೆಬ್ರವರಿ ಹೊತ್ತಿಗೆ. ಎನ್‌ಪಿಡಿಎಫ್ ಮೊದಲು ಬಂದು ಸೇರಿಕೊಂಡರೆ, ಅದು ವೃತ್ತಿಯಲ್ಲಿ ಒಂದೇ ಸಲ ಸಿಗುವುದು ಎನ್ನುವುದು ನೆನಪಿರಲಿ. ನಡುವೆ ಬಿಟ್ಟು ಹೋದರೆ ಮತ್ತೆ ಕೇಳುವಂತಿಲ್ಲ.